ಹಿಸ್ಟರಿ ಕಾಣದಿದ್ದರೆ ಟಿವಿ ರೀಸೆಟ್ ಮಾಡಬೇಡಿ

ಮೇ ಕೊನೆಯ ಪತ್ತನಾಜೆಗೆ ಯಕ್ಷಗಾನ ಮೇಳಗಳು ಗೆಜ್ಜೆ ಬಿಚ್ಚಿ ತಿರುಗಾಟ ಮುಗಿಸಿದವೆಂದರೆ ಈ ಅಂಕಣಕ್ಕೆ ಒಂದೇ ಬಗೆಯ ಪತ್ರಗಳು ಶುರು. ಮಳೆಗಾಲವಿಡೀ ಆಟ ನೋಡುವುದು ಯೂಟ್ಯೂಬಿನಲ್ಲಿ. ನೋಡಿದ್ದು ಹಿಸ್ಟರಿಯಲ್ಲಿ, ಅಂದರೆ ನೋಡಿದ ವಿಡಿಯೊಗಳ ಪಟ್ಟಿಯಲ್ಲಿ ಇಲ್ಲ, ಏನು ಮಾಡುವುದು? ಹಿಂದೆಯೂ ಉತ್ತರಿಸಿದ್ದೇನೆ. ಆದರೂ ಜನ ಅಂಗಡಿಗೆ ಹೋಗಿ ದುಡ್ಡು ಕೊಟ್ಟು ಬರುತ್ತಿದ್ದಾರೆ. ಹಾಗಾಗಿ ಈ ವಾರದ ಹೆಚ್ಚಿನ ಜಾಗ ಇದಕ್ಕೇ.

ಪ್ರಶ್ನೆ: ನಮ್ಮ ತಂದೆಯವರು ರಾತ್ರಿ ಟಿವಿಯಲ್ಲಿ ಇಡೀ ರಾತ್ರಿಯ ಯಕ್ಷಗಾನದ ವಿಡಿಯೊ ಹಾಕಿ, ಅರ್ಧ ನೋಡಿ ಮಲಗುತ್ತಾರೆ. ಮರುದಿನ ಹಾಕಿದರೆ ಮತ್ತೆ ಪೀಠಿಕೆಯಿಂದ ಶುರುವಾಗುತ್ತದೆ. ಅವರ ಮೊಬೈಲಿನ ಹಿಸ್ಟರಿಯಲ್ಲೂ ಆ ವಿಡಿಯೊ ಇಲ್ಲ. ಟಿವಿ ಪೂರ್ತಿ ರೀಸೆಟ್ ಆಗಬೇಕು ಎಂದು ಅಂಗಡಿಯವರು ಹೇಳಿದ್ದಾರೆ. ಮಾಡಿಸಬಹುದೇ? (ಕಾಪು)

ಬೇಡ. ಹಿಸ್ಟರಿ ಟಿವಿಯ ಒಳಗೆ ಇರುವುದೇ ಇಲ್ಲ, ಅದು ಇರುವುದು ಗೂಗಲ್ ಖಾತೆಯಲ್ಲಿ. ಟಿವಿ ರೀಸೆಟ್ ಮಾಡಿದರೆ ವೈಫೈ ಪಾಸ್‌ವರ್ಡಿನಿಂದ ಹಿಡಿದು ಎಲ್ಲವನ್ನೂ ಹೊಸದಾಗಿ ಹಾಕಬೇಕಾಗುತ್ತದೆ, ಹಿಸ್ಟರಿ ಮಾತ್ರ ಇದ್ದಲ್ಲೇ ಇರುತ್ತದೆ.

ಮೊದಲು ನೋಡಬೇಕಾದದ್ದು ಟಿವಿಯಲ್ಲಿ ಯಾರ ಖಾತೆ ಇದೆ ಎಂಬುದನ್ನು. ಟಿವಿಯ ಯೂಟ್ಯೂಬ್ ತೆರೆದು ಎಡಗಡೆಯ ಪಟ್ಟಿಗೆ ಹೋಗಿ, ಖಾತೆಯ ಚಿತ್ರ ಒತ್ತಿ. ನಮ್ಮ ಕಡೆ ಹತ್ತಾರು ಮನೆಗಳಲ್ಲಿ ಕಂಡದ್ದು ಹೀಗೆ: ಮೊಬೈಲಿನಲ್ಲಿ ತಂದೆಯ ಖಾತೆ, ಟಿವಿಯಲ್ಲಿ ಅದನ್ನು ತಂದ ದಿನ ಕೂರಿಸಿಕೊಟ್ಟವರ ಖಾತೆ. ಹೆಚ್ಚಾಗಿ ಬೆಂಗಳೂರಿನಲ್ಲಿರುವ ಮಗನದ್ದು. ಮಗನಿಗೊಂದು ಫೋನ್ ಮಾಡಿ, ಅವನ ಮೊಬೈಲಿನ ಯೂಟ್ಯೂಬಿನಲ್ಲಿ ತಾನಾಗಿಯೇ ಯಕ್ಷಗಾನ ಬಂದು ಬೀಳುತ್ತಿದೆಯೇ ಕೇಳಿ. ಹೌದು ಎಂದರೆ ನಿಮ್ಮ ಹಿಸ್ಟರಿ ಎಲ್ಲಿ ಹೋಯಿತೆಂದು ಗೊತ್ತಾಯಿತಲ್ಲ. ಟಿವಿಗೆ ತಂದೆಯ ಖಾತೆಯನ್ನು ಸೇರಿಸಿ, ಅದನ್ನೇ ಆರಿಸಿ. 'ಗೆಸ್ಟ್' ಎಂದು ತೋರಿಸಿದರೆ ಯಾರ ಖಾತೆಗೂ ಏನೂ ಸೇರುವುದಿಲ್ಲ.

ಖಾತೆ ಸರಿಯಿದ್ದೂ ಹಿಸ್ಟರಿ ಬರದಿದ್ದರೆ ಅದು ನಿಂತಿರಬೇಕು. ಟಿವಿಯ ಯೂಟ್ಯೂಬ್ ಸೆಟ್ಟಿಂಗ್ಸ್‌ನಲ್ಲಿ 'ಪಾಝ್ ವಾಚ್ ಹಿಸ್ಟರಿ' (ದಾಖಲು ನಿಲ್ಲಿಸುವುದು), 'ಕ್ಲಿಯರ್ ವಾಚ್ ಹಿಸ್ಟರಿ' (ಅಳಿಸುವುದು) ಎರಡೂ ಉಂಟು. ಮೊಮ್ಮಕ್ಕಳ ಕೈಗೆ ರಿಮೋಟ್ ಸಿಕ್ಕರೆ ಮುಗಿಯಿತು. ಪಾಝ್ ಒತ್ತಿದ್ದು ಆ ಟಿವಿಗಷ್ಟೇ ಅನ್ವಯ ಎಂದುಕೊಳ್ಳಬೇಡಿ, ಆ ಖಾತೆ ಇರುವ ಮೊಬೈಲಿನಲ್ಲೂ ದಾಖಲಾಗುವುದು ನಿಲ್ಲುತ್ತದೆ. ಪುನಃ ಶುರು ಮಾಡಿದರೂ, ನಿಂತಿದ್ದಾಗ ನೋಡಿದ ವಿಡಿಯೊಗಳು ಪಟ್ಟಿಗೆ ಬರುವುದಿಲ್ಲ.

ಹಳೆಯ ವಿಡಿಯೊಗಳಷ್ಟೇ ಕಾಣೆಯಾಗಿದ್ದರೆ 'ಆಟೊ ಡಿಲೀಟ್' ನೋಡಿ. 3, 18 ಅಥವಾ 36 ತಿಂಗಳು ದಾಟಿದ್ದನ್ನು ತಾನಾಗಿ ಅಳಿಸುವ ವ್ಯವಸ್ಥೆ ಅದು. ಇನ್ನು ಊರಿನ ಭಜನಾ ಮಂಡಳಿಗೋ ದೇವಸ್ಥಾನಕ್ಕೋ ಎಂದು ಅದೇ ಇಮೇಲಿನಲ್ಲಿ ಇನ್ನೊಂದು ಚಾನೆಲ್ ಮಾಡಿದವರು ಗಮನಿಸಿ: ಇಮೇಲ್ ಒಂದೇ ಆದರೂ ಪ್ರತಿ ಚಾನೆಲಿಗೆ ಬೇರೆಯೇ ಹಿಸ್ಟರಿ. ಮಂಡಳಿಯ ಹೆಸರಿನಲ್ಲಿ ನೋಡಿದ್ದು ನಿಮ್ಮ ಹೆಸರಿನಡಿ ಸಿಗುವುದಿಲ್ಲ.

ಏಳೆಂಟು ಗಂಟೆಯ ವಿಡಿಯೊಗೆ ನಾನಾದರೆ ಹಿಸ್ಟರಿಯನ್ನೇ ನಂಬಿ ಕೂರುವುದಿಲ್ಲ. ವಿಡಿಯೊವನ್ನು 'ವಾಚ್ ಲೇಟರ್'ಗೆ ಹಾಕಿಡಿ, ಮಲಗುವ ಮುಂಚೆ ಗಂಟೆ-ನಿಮಿಷವನ್ನು ಕ್ಯಾಲೆಂಡರಿನ ಮೇಲೆ ಬರೆದಿಡಿ. ತಂದೆಯವರಿಗೆ ಇದನ್ನೊಂದು ಕಲಿಸಿಕೊಟ್ಟರೆ ಯಾರನ್ನೂ ಕಾಯಬೇಕಾಗಿಲ್ಲ.

ಪ್ರಶ್ನೆ: ತಪ್ಪಿ ಎಲ್ಲ ಹಿಸ್ಟರಿ ಅಳಿಸಿದೆ. ಮರಳಿ ತರುವ ಆ್ಯಪ್ ಯಾವುದು? (ಕಂಕನಾಡಿ)

ಅಂಥ ಆ್ಯಪ್ ಇಲ್ಲ. ಮರಳಿ ತರುತ್ತೇವೆ ಎನ್ನುವವರು ಸುಳ್ಳು ಹೇಳುತ್ತಾರೆ, ಮತ್ತು ಆ ಸುಳ್ಳಿಗಾಗಿ ನಿಮ್ಮ ಮೊಬೈಲನ್ನು ಲಾಕ್ ತೆಗೆದು ಕೈಗೆ ಕೊಡಿ ಎನ್ನುತ್ತಾರೆ. ಅದರಲ್ಲಿರುವ ಒಂದು ಗೂಗಲ್ ಖಾತೆಯಲ್ಲೇ ನಿಮ್ಮ ಜಿಮೇಲ್, ಫೋಟೊ, ಸೇವ್ ಮಾಡಿದ ಪಾಸ್‌ವರ್ಡ್ ಎಲ್ಲ ಇರುತ್ತವೆ. 'ಕಸ್ಟಮರ್ ಕೇರ್ ನಂಬರ್' ಎಂದು ಹುಡುಕಿ ಸಿಕ್ಕಿದ ನಂಬರಿಗೆ ಫೋನ್ ಮಾಡುವುದಂತೂ ಬೇಡವೇ ಬೇಡ. ಆ ಕಡೆಯವರು ಸ್ಕ್ರೀನ್ ಶೇರ್ ಮಾಡುವ ಆ್ಯಪ್ ಹಾಕಿಸಿ, ನೀವು ನೋಡುತ್ತಿದ್ದಂತೆ ಒಟಿಪಿ ಓದಿಕೊಳ್ಳುತ್ತಾರೆ. ಹಾಗೆ ದುಡ್ಡು ಕಳೆದುಕೊಂಡಿದ್ದರೆ ಈ ಪತ್ರಿಕೆಗೆ ಬರೆಯುತ್ತ ಕೂರಬೇಡಿ, ತಡಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ. ಅಳಿಸಿದ ಹಿಸ್ಟರಿಯ ಆಸೆ ಬಿಡಿ. ಲೈಕ್ ಮಾಡಿದ ವಿಡಿಯೊಗಳ ಪಟ್ಟಿ ಬೇರೆಯೇ ಇರುತ್ತದೆ, ಅದರಲ್ಲಿ ಕೆಲವಾದರೂ ಸಿಗುತ್ತವೆ.

ಪ್ರಶ್ನೆ: ನೆಟ್‌ಫ್ಲಿಕ್ಸ್‌ನಲ್ಲಿ ಒಂದು ಸಿನಿಮಾವನ್ನು ಹಿಸ್ಟರಿಯಿಂದ ಮರೆಮಾಡಿದರೂ ಟಿವಿಯಲ್ಲಿ ಕಾಣುತ್ತಿದೆ. (ಮಣಿಪಾಲ)

ಎಲ್ಲ ಕಡೆ ಮರೆಯಾಗಲು 24 ಗಂಟೆಯವರೆಗೆ ಹಿಡಿಯಬಹುದು, ಕಾಯಿರಿ.

ಪ್ರಶ್ನೆ: ನಾವಿರುವುದು ಸುರತ್ಕಲ್‌ನಲ್ಲಿ. ಖಾತೆ ಬಳಸಿದ ಸಾಧನಗಳ ಪಟ್ಟಿಯಲ್ಲಿ ಬೆಂಗಳೂರು ಎಂದಿದೆ. ಹ್ಯಾಕ್ ಆಗಿದೆಯೇ?

ಊರಿನ ಹೆಸರು ನೋಡಿ ಹೆದರಬೇಡಿ, ಅದು ಇಂಟರ್‌ನೆಟ್ ಕಂಪನಿಯ ಜಾಲ ನೋಡಿ ಮಾಡಿದ ಅಂದಾಜು. ಸಾಧನದ ಹೆಸರು ನೋಡಿ. ಮನೆಯಲ್ಲಿ ಇಲ್ಲದ ಟಿವಿಯೋ ಮೊಬೈಲೋ ಇದ್ದು, ಮನೆಯವರು ಯಾರೂ ನೋಡದ ಕಾರ್ಯಕ್ರಮ ಹಿಸ್ಟರಿಯಲ್ಲಿದ್ದರೆ ಆಗ ಪಾಸ್‌ವರ್ಡ್ ಬದಲಿಸಿ, ಎಲ್ಲ ಸಾಧನಗಳಿಂದ ಸೈನ್ ಔಟ್ ಮಾಡಿ. ಲಾಡ್ಜಿನ ಟಿವಿಯಲ್ಲಿ ಲಾಗಿನ್ ಮಾಡಿ ಹಾಗೆಯೇ ಬಿಟ್ಟುಬಂದದ್ದು ನೆನಪಿದ್ದರೂ ಅದನ್ನೇ ಮಾಡಿ.

ಪ್ರಶ್ನೆ: ಮೊಬೈಲಿಂದ ಟಿವಿಗೆ ಕಾಸ್ಟ್ ಮಾಡಿದರೆ ಮನೆಯವರಿಗೆ ಗೊತ್ತಾಗುತ್ತದೆಯೇ?

ಟಿವಿಯ ಹಿಸ್ಟರಿಗೂ ಸೇರಬಹುದೆಂದು ಯೂಟ್ಯೂಬೇ ತೆರೆಯ ಮೇಲೆ ಬರೆದು ತೋರಿಸುತ್ತದೆ, ಅದನ್ನು ಓದಿ.

ಪ್ರಶ್ನೆ: ನೆಟ್‌ಫ್ಲಿಕ್ಸ್ ಪ್ರೊಫೈಲ್ ಡಿಲೀಟ್ ಮಾಡಿ ಅದೇ ಹೆಸರಿನಲ್ಲಿ ಹೊಸತು ಮಾಡಿದರೆ ಹಳೆಯ ಹಿಸ್ಟರಿ ಬರುತ್ತದೆಯೇ? (ಕುಂದಾಪುರ)

ಇಲ್ಲ. ಇನ್ನೂ ಡಿಲೀಟ್ ಮಾಡಿಲ್ಲವಾದರೆ ಮಾಡಬೇಡಿ, ಪಿನ್ ಹಾಕಿ ಲಾಕ್ ಮಾಡಿಟ್ಟುಕೊಳ್ಳಿ.