ಬದಿಯಡ್ಕದ ತಂಗಿಗೆ, ಕಿಟ್ಟಿನ ವಿಷಯ

ತಂಗೀ, ವ್ಯಾಂಕೂವರಿನ ವ್ಯಸನಮುಕ್ತಿ ಕ್ಲಿನಿಕ್ಕಿನಲ್ಲಿ ನರ್ಸ್ ಕೆಲಸ ಸಿಕ್ಕಿದೆ, ಎರಡು ತಿಂಗಳಲ್ಲಿ ಹೊರಡುತ್ತೇನೆ ಎಂದು ಬರೆದಿದ್ದಿ. ಬಾಡಿಗೆ, ಚಳಿ, ಊಟ ಎಲ್ಲ ಕೇಳಿ ಮುಗಿಸಿ, ಕೊನೆಗೆ ಒಂದು ಸಾಲು: "ಅಕ್ಕಾ, ರೋಗಿ ಸೇರಿದ ದಿನವೇ ಅವನಿಗೆ ನಲೋಕ್ಸೋನ್ ಕಿಟ್ ಕೊಡಬೇಕಂತೆ, ಅಫೀಮಿನ ಜಾತಿಯ ಡ್ರಗ್ಸ್ ಅತಿಯಾಗಿ ಉಸಿರು ನಿಲ್ಲುವವನಿಗೆ ಚುಚ್ಚುವ ಮದ್ದು ಅದು. ಬಿಡಲಿಕ್ಕೆ ಬಂದವನ ಕೈಗೆ ಅದನ್ನು ಕೊಟ್ಟರೆ, ಪುನಃ ತೆಗೊ ಎಂದ ಹಾಗೆ ಆಗುವುದಿಲ್ಲವಾ?"

ಬಾಡಿಗೆ ದುಬಾರಿ, ಮೊದಲ ವರ್ಷ ಒಬ್ಬಳೇ ಮನೆ ಹಿಡಿಯುವ ಯೋಚನೆ ಬೇಡ. ಚಳಿಗಿಂತ ಮಳೆ ಹೆಚ್ಚು. ಆದರೆ ನಮ್ಮ ಆಟಿ ತಿಂಗಳ ಹಾಗೆ ಸುರಿದು ಬಿಡುವ ಮಳೆ ಅಲ್ಲ, ತಿಂಗಳುಗಟ್ಟಲೆ ಜಿನುಗುವುದು. ಕೇರಳದ ಪಿಎಸ್‌ಸಿ ಪರೀಕ್ಷೆಗೆಂದು ಮನಸ್ಸಿಲ್ಲದೆ ಕಲಿತ ಮಲಯಾಳಂ ಮರೆಯಬೇಡ, ಇಲ್ಲಿ ವಾರ್ಡಿನಲ್ಲಿ ಉಪಕಾರಕ್ಕೆ ಬರುತ್ತದೆ. ಉಳಿದದ್ದು ಬಂದ ಮೇಲೆ ಗೊತ್ತಾಗುತ್ತದೆ.

ಕಿಟ್ಟಿನ ಪ್ರಶ್ನೆಯನ್ನು ನಾನೂ ಹೊಸತರಲ್ಲಿ ಕೇಳಿದ್ದೆ. ಉತ್ತರ ಸಿಕ್ಕಿದ್ದು ನಮ್ಮ ಅಜ್ಜನ ನೆನಪಿನಲ್ಲಿ. ಅಜ್ಜ ಹೊಗೆಸೊಪ್ಪು ಬಿಟ್ಟು ಮೂರು ತಿಂಗಳಾಗಿತ್ತು. ಪೂಜೆಯ ಊಟ ಮುಗಿದ ಮೇಲೆ, ಅಜ್ಜಿ ಒಳಗಿರುವುದನ್ನು ನೋಡಿಕೊಂಡು, ಹರಿವಾಣದಿಂದ ತನ್ನ ಹಳೆಯ ಅಳತೆಯ ತುಂಡನ್ನೇ ಎಲೆಯೊಟ್ಟಿಗೆ ಬಾಯಿಗಿಟ್ಟರು. ಎರಡು ನಿಮಿಷಕ್ಕೆ ಬೆವರು ಇಳಿಯಿತು, ತಲೆ ತಿರುಗಿತು, ಜಗಲಿಯ ಕಂಬ ಹಿಡಿದು ಕುಳಿತುಬಿಟ್ಟರು. ಹೊಗೆಸೊಪ್ಪು ಅದೇ, ಅಳತೆಯೂ ಅದೇ. ದೇಹಕ್ಕೆ ಅಭ್ಯಾಸ ತಪ್ಪಿತ್ತು, ಅಷ್ಟೆ.

ಇಲ್ಲಿ ಬೀದಿಯಲ್ಲಿ ಸಿಗುವುದು ಫೆಂಟನಿಲ್, ಅಫೀಮಿನ ಜಾತಿಯದೇ, ಹೆರಾಯಿನ್ನಿಗಿಂತ ಸುಮಾರು 50 ಪಟ್ಟು ಬಲದ್ದು. ಅದರಲ್ಲಿ ಹಳೆಯ ಅಳತೆ ತೆಗೆದುಕೊಂಡರೆ ತಲೆ ತಿರುಗಿ ನಿಲ್ಲುವುದಿಲ್ಲ, ಉಸಿರೇ ನಿಲ್ಲುತ್ತದೆ. ಹಾಗಾಗಿ ಚಿಕಿತ್ಸೆಯಿಂದಲೋ ಜೈಲಿನಿಂದಲೋ ಹೊರಗೆ ಬಂದ ಮೊದಲ ಕೆಲವು ವಾರಗಳೇ ಅತಿ ಅಪಾಯದವು. ನಾವು ಗೆದ್ದೆವು ಎಂದುಕೊಳ್ಳುವ ಹೊತ್ತು ಅದು.

ಮೊದಲು ನಾನಿದ್ದ ಒಂದು ಕೇಂದ್ರದಲ್ಲಿ ಒಬ್ಬ ಹುಡುಗ, ಇಪ್ಪತ್ತನಾಲ್ಕು ವರ್ಷ, ಅವಧಿ ಮುಗಿಸಿ ಹೊರಟ. ಎಲ್ಲರೂ ಚಪ್ಪಾಳೆ ತಟ್ಟಿ ಕಳಿಸಿದೆವು. ಚಟದ ಸೆಳೆತ ತಗ್ಗಿಸುವ ಮದ್ದು ಮೆಥಡೋನ್ ಆಗಲಿ ಬುಪ್ರೆನಾರ್ಫಿನ್ ಆಗಲಿ ಶುರು ಮಾಡಿರಲಿಲ್ಲ, ಕಿಟ್ಟೂ ಕೊಡಲಿಲ್ಲ. "ಅದು ಕೊಟ್ಟರೆ ನಂಬಿಕೆ ಇಲ್ಲ ಎಂದಾಗುತ್ತದೆ" ಎಂದರು ಮೇಲಿನವರು. ಐದನೆಯ ದಿನ ಬಚ್ಚಲಿನ ಬಾಗಿಲು ಒಡೆಯಬೇಕಾಯಿತು. ಅವನ ಫೈಲಿನಲ್ಲಿ "ಚಿಕಿತ್ಸೆ ಪೂರ್ಣ" ಎಂದು ಬರೆದದ್ದು ನನ್ನ ಅಕ್ಷರ, ತಂಗೀ.

ನೀನು ಸೇರುವ ಕಡೆ ಹಾಗಿಲ್ಲ ಎಂದು ನಿನ್ನ ಪತ್ರದಿಂದಲೇ ಗೊತ್ತಾಗುತ್ತದೆ. ವ್ಯಾಂಕೂವರ್ ಇರುವ ಬ್ರಿಟಿಷ್ ಕೊಲಂಬಿಯಾ ಪ್ರಾಂತ್ಯ 2016ರ ಏಪ್ರಿಲಿನಲ್ಲಿ ಓವರ್‌ಡೋಸ್ ಸಾವುಗಳನ್ನು ಸಾರ್ವಜನಿಕ ಆರೋಗ್ಯ ತುರ್ತುಸ್ಥಿತಿ ಎಂದು ಘೋಷಿಸಿತು. ಕಿಟ್ ಹಂಚುವುದು ಅದಕ್ಕೂ ಮೊದಲು, 2012ರಲ್ಲೇ ಶುರುವಾಗಿತ್ತು. ನೀನು ಕಿಟ್ ಕೊಟ್ಟು ಸಹಿ ಹಾಕಿಸಿ ಮುಗಿಸಬೇಡ. ಮೊದಲು ಕೇಳು: ಹಿಂದೆ ಎಂದಾದರೂ ಓವರ್‌ಡೋಸ್ ಆಗಿದೆಯಾ, ಒಬ್ಬನೇ ಇರುವಾಗ ತೆಗೆದುಕೊಳ್ಳುತ್ತೀಯಾ, ಮನೆಯಲ್ಲಿ ಯಾರಿದ್ದಾರೆ? ಪ್ರಜ್ಞೆ ತಪ್ಪಿದವ ತನಗೆ ತಾನೇ ಚುಚ್ಚಿಕೊಳ್ಳಲಾರ. ಆದ್ದರಿಂದ ಜೊತೆಗಿರುವ ಅಮ್ಮನನ್ನೋ ರೂಮ್‌ಮೇಟನ್ನೋ ಕರೆಸಿ ಕಲಿಸಬೇಕು. ಮದ್ದಿರುವ ಗಾಜಿನ ಆಂಪೂಲಿನ ಕತ್ತು ಮುರಿಯುವಾಗ ಎಲ್ಲರ ಕೈ ನಡುಗುತ್ತದೆ, ನೀರಿನ ಆಂಪೂಲ್ ಮುರಿಸಿ ಅಭ್ಯಾಸ ಮಾಡಿಸು. ತೊಡೆಗೆ, ಬಟ್ಟೆಯ ಮೇಲಿನಿಂದಲೇ ಚುಚ್ಚಬಹುದು. ಆದರೆ ಅದಕ್ಕಿಂತ ಮೊದಲು 911ಕ್ಕೆ ಫೋನು, ಐದು ಸೆಕೆಂಡಿಗೆ ಒಂದರಂತೆ ಬಾಯಿಂದ ಉಸಿರು. ಮದ್ದಿನ ಪರಿಣಾಮ 30ರಿಂದ 90 ನಿಮಿಷ ಮಾತ್ರ. ಎದ್ದು ಕುಳಿತವ ಪುನಃ ಮಲಗಿಬಿಡಬಹುದು, ಬಿಟ್ಟು ಹೋಗಬಾರದು. ಪೊಲೀಸರಿಗೆ ಹೆದರಿ ಫೋನು ಮಾಡದವರಿಗೆ ಕೆನಡಾದ 2017ರ ಕಾನೂನಿನ ಬಗ್ಗೆ ಹೇಳು: ಕರೆ ಮಾಡಿದವರ ಮೇಲಾಗಲಿ ಬಿದ್ದವನ ಮೇಲಾಗಲಿ ಬರೇ ಡ್ರಗ್ಸ್ ಇಟ್ಟುಕೊಂಡದ್ದಕ್ಕೆ ಕೇಸು ಹಾಕುವುದಿಲ್ಲ.

ಇನ್ನೊಂದು. ಕೆಲವು ದಿನ ಮೆಥಡೋನ್ ತಪ್ಪಿಸಿ ಬಂದವನಿಗೆ ಹಳೆಯ ಡೋಸನ್ನು ಹಾಗೆಯೇ ಕೊಡಬೇಡ, ಡಾಕ್ಟರಿಗೆ ತಿಳಿಸು. ಅಜ್ಜನ ಹೊಗೆಸೊಪ್ಪಿನ ಲೆಕ್ಕವೇ ಅಲ್ಲಿಯೂ.

ಮುಂದೆ ಇದನ್ನೆಲ್ಲ ಊರಿಗೆ ತರಬಹುದಾ ಎಂದು ಕೇಳಿದ್ದಿ. ಇಡಿಯಾಗಿ ಹೊತ್ತು ತರಬೇಡ ಮಾರಾಯ್ತಿ. ಕಾಸರಗೋಡಿನಲ್ಲಿ ಈಗ ದಿನಾ ಸುದ್ದಿಯಾಗುವುದು ಎಂಡಿಎಂಎ ಎಂಬ ಉತ್ತೇಜಕ ಡ್ರಗ್ಸ್, ಅದರ ಮೇಲೆ ನಲೋಕ್ಸೋನ್ ಕೆಲಸ ಮಾಡುವುದಿಲ್ಲ, ಅದು ಅಫೀಮಿನ ಜಾತಿಯದಕ್ಕೆ ಮಾತ್ರ. ಆದರೆ ಊರಿನಲ್ಲೂ ಹೆರಾಯಿನ್, ನೋವಿನ ಮಾತ್ರೆ, ಇಂಜೆಕ್ಷನ್ ಬಿಡಿಸಿಕೊಂಡು ಮನೆಗೆ ಹೋಗುವವರುಂಟು. ಅಂಥವರ ಮನೆಯವರಿಗೆ ಆಣೆ ಪ್ರಮಾಣದ ಜೊತೆ "ಪುನಃ ತೆಗೆದುಕೊಂಡರೆ ಹಳೆಯ ಅಳತೆ ಕೊಲ್ಲುತ್ತದೆ" ಎಂಬ ಮಾತನ್ನೂ ಹೇಳಿ ಕಳಿಸಬಹುದಲ್ಲ, ಅದಕ್ಕೆ ಖರ್ಚಿಲ್ಲ.

ನಿನ್ನ ಅಮ್ಮನಿಗೆ ಏನು ಹೇಳುವುದು ಎಂದು ಕೇಳಿದ್ದಿ. ಇದ್ದದ್ದನ್ನೇ ಹೇಳು. ನನ್ನ ಬ್ಯಾಗಿನಲ್ಲಿ ಯಾವಾಗಲೂ ಒಂದು ಕಿಟ್ ಇರುತ್ತದೆ. ಕಳೆದ ಸಲ ಊರಿಗೆ ಬಂದಾಗ ನಮ್ಮಮ್ಮ ಕನ್ನಡಕದ ಡಬ್ಬಿ ಎಂದುಕೊಂಡು ಜಿಪ್ ತೆಗೆದರು. ಮೂರು ಸಿರಿಂಜು ನೋಡಿ ಮುಖ ಬಿಳುಚಿತು. ಕೂರಿಸಿ ಹೇಳಿದೆ. ಎಲ್ಲ ಕೇಳಿ, "ಎಷ್ಟು ಜನರಿಗೆ ಚುಚ್ಚಿದ್ದಿ?" ಎಂದರು. ಬಸ್‌ಸ್ಟಾಪಿನಲ್ಲಿ ಒಬ್ಬನಿಗೆ, ಎಂದೆ. "ಎದ್ದನಾ?" ಎದ್ದ, ನನಗೆ ಬೈದು ಹೋದ.