ಮುಖ ಸುಣ್ಣ ಬಳಿದ ಗೋಡೆ ಥರ ಆಗಿದೆ ಸರ್!

ಪ್ರಶ್ನೆ: ಸರ್, ನಾನು ಬ್ಯಾಂಕ್ ಕೆಲಸದಲ್ಲಿರೋಳು, ನಾಲ್ಕು ವರ್ಷದಿಂದ ವಾಟರ್ ಕಲರ್ ಮಾಡ್ತಿದೀನಿ. ಈಗ ಆಯಿಲ್ ಪೋರ್ಟ್ರೇಟ್ ಕಲಿಯೋಣ ಅಂತ ಫ್ರೆಂಚ್ ಚಿತ್ರಕಾರ ಝಾಕ್ ಲೂಯಿ ದಾವೀದನ 'ಮದಾಮ್ ರೆಕಾಮಿಯೆ' ಚಿತ್ರದಲ್ಲಿ ಮುಖ, ಭುಜ ಅಷ್ಟನ್ನೇ ಕಾಪಿ ಮಾಡೋಕೆ ಕೂತೆ. ಡ್ರಾಯಿಂಗ್ ಪರವಾಗಿಲ್ಲ, ಆದ್ರೆ ಬಣ್ಣ ಹಾಕ್ತಾ ಹಾಕ್ತಾ ಮುಖ ಸುಣ್ಣ ಬಳಿದ ಗೋಡೆ ಥರ ಆಯ್ತು, ಕತ್ತಿನ ನೆರಳು ಮಸಿ ಮೆತ್ತಿದ ಹಾಗೆ. ತಿದ್ದೋಕೆ ಹೋದ್ರೆ ಬಣ್ಣ ಜಾರುತ್ತೆ. ಇದರ ಮಧ್ಯೆ ತಮ್ಮ ಬೇರೆ "ಕಾಪಿ ಹೊಡೆಯೋದೂ ಒಂದು ಕಲೇನಾ ಅಕ್ಕಾ" ಅಂತ ರೇಗಿಸ್ತಾನೆ.
– ಓದುಗರು, ಸಾಗರ

ಉತ್ತರ: ತಮ್ಮನ ವಿಷಯ ಮೊದಲು ಮುಗಿಸಿಬಿಡೋಣ. ಪ್ಯಾರಿಸ್ಸಿನ ಲೂವ್ರ್ ಮ್ಯೂಸಿಯಂ ಶುರುವಾಗಿದ್ದು 1793ರಲ್ಲಿ, ಆವಾಗಿಂದ್ಲೂ ಅಲ್ಲಿ ಈಸಲ್ ಇಟ್ಕೊಂಡು ಕಾಪಿ ಮಾಡೋರು ಇದ್ದೇ ಇದಾರೆ, ಇವತ್ತಿಗೂ ಪರ್ಮಿಷನ್ ತಗೊಂಡು ಮಾಡ್ತಾರೆ, ಕಾಪಿ ಮಾತ್ರ ಮೂಲದ ಅಳತೆಯಲ್ಲೇ ಇರಬಾರದು ಅಷ್ಟೇ. ನೀವು ಆರಿಸಿರೋ ಚಿತ್ರ ಇರೋದೂ ಅಲ್ಲೇ.

ಆಯ್ಕೆ ಮಾತ್ರ ಭಾರೀ ಚೆನ್ನಾಗಿದೆ, ಯಾಕಂದ್ರೆ ಅದು ಮುಗಿಯದೇ ಇರೋ ಚಿತ್ರ. 1800ರಲ್ಲಿ ದಾವೀದ ಅರ್ಧಕ್ಕೇ ಬಿಟ್ಟ, ಆಮೇಲೆ ಮದಾಮ್ ರೆಕಾಮಿಯೆಯ ಪೋರ್ಟ್ರೇಟನ್ನ ಅವನ ಶಿಷ್ಯ ಜೆರಾರ್ ಬೇರೆಯಾಗಿ ಮಾಡಿಕೊಟ್ಟ. ದಾವೀದನ ಇನ್ನೊಬ್ಬ ಶಿಷ್ಯ ಆಂಗ್ರ್ ಮುಗಿಸಿರೋ ಪೋರ್ಟ್ರೇಟ್ ನೋಡಿ, ಚರ್ಮ ಗಾಜಿನ ಹಾಗೆ ನುಣ್ಣಗಿರುತ್ತೆ, ಹೇಗೆ ಮಾಡಿದ ಅಂತ ಸುಳಿವೇ ಸಿಗಲ್ಲ. ಇದು ಹಾಗಲ್ಲ, ಅಡುಗೆ ಮಧ್ಯದಲ್ಲಿ ಒಲೆ ಆರಿಸಿ ಎದ್ದುಹೋದ ಅಡುಗೆಮನೆ ಥರ, ಏನು ಹೆಚ್ಚಿಟ್ಟಿದ್ರು ಯಾವುದಕ್ಕೆ ಒಗ್ಗರಣೆ ಬಿದ್ದಿತ್ತು ಎಲ್ಲಾ ಕಾಣುತ್ತೆ. ಹಿಂದಿನ ಗೋಡೆ ಝೂಮ್ ಮಾಡಿ: ತೆಳ್ಳಗೆ ಬಣ್ಣ ಉಜ್ಜಿದಾನೆ ಅಷ್ಟೇ, ಬ್ರಶ್ಶಿನ ಗೀರು ಹಾಗೇ ಇದೆ. ಮುಖ ಬಿಟ್ಟು ಮೊದಲು ಆ ಗೋಡೆಯನ್ನೇ ಅಂಗೈ ಅಗಲ ಕಾಪಿ ಮಾಡಿ ಅಂತೀನಿ ನಾನು.

ಸುಣ್ಣದ ಸಮಸ್ಯೆ ವಾಟರ್ ಕಲರ್‌ನಿಂದ ಬಂದೋರಿಗೆಲ್ಲಾ ಆಗುತ್ತೆ, ನನಗೂ ಆಗಿತ್ತು. ಅಲ್ಲಿ ಬಿಳುಪು ಅಂದ್ರೆ ಪೇಪರ್ರೇ, ಇಲ್ಲಿ ಟ್ಯೂಬಿಂದ ಬರಬೇಕು, ನೀವು ತಿಳಿ ಮಾಡೋಣ ಅಂತ ಟೈಟಾನಿಯಂ ವೈಟ್ ಸುರೀತಾ ಹೋಗಿರ್ತೀರಿ. ಅದು ಬಲೇ ಜೋರು, ಬಣ್ಣದ ಬಿಸಿನೆಲ್ಲಾ ತಿಂದುಹಾಕುತ್ತೆ. ದಾವೀದನ ಕಾಲದ್ದು ಸೀಸದ ಬಿಳಿ, ಸ್ವಲ್ಪ ಮೆತ್ತನೆ ಸ್ವಭಾವ, ಆದ್ರೆ ವಿಷ, ಹುಡುಕೋಕೆ ಹೋಗಬೇಡಿ. ಮಣ್ಣು ಹಳದಿ ಬಣ್ಣದ ಯೆಲ್ಲೋ ಓಕರ್‌ಗೆ ಒಂಚೂರು ಲೈಟ್ ರೆಡ್ ಸೇರಿಸಿ ಮೊದಲು ಚರ್ಮದ ಬಣ್ಣ ಮಾಡ್ಕೊಳ್ಳಿ, ವೈಟ್ ಆಮೇಲೆ, ಬಣ್ಣ ಕಲಸೋ ಚಾಕುವಿನ ತುದಿಯಷ್ಟು. ನೆರಳಿಗೆ ಕಪ್ಪು ಮುಟ್ಟಲೇಬೇಡಿ, ಬರ್ನ್ಟ್ ಅಂಬರ್ ಅನ್ನೋ ಗಾಢ ಕಂದು ಬಣ್ಣ ತೆಳ್ಳಗೆ ಮಾಡಿ ಬಟ್ಟೆಯಲ್ಲಿ ಒರೆಸಿ, ಕ್ಯಾನ್ವಾಸ್ ಕಾಣ್ತಿರಬೇಕು. ಕಪ್ಪಿಗೆ ಬೇರೆ ಜಾಗ ಇದೆ, ಕೆನ್ನೆಯ ಬೆಳಕು ದವಡೆ ಕಡೆ ತಿರುಗೋ ಜಾಗ. ವೈಟು, ಓಕರ್, ಸೂಜಿಮೊನೆಯಷ್ಟು ಐವರಿ ಬ್ಲ್ಯಾಕ್ ಕಲಸಿದ್ರೆ ಹಸಿರು ಹಸಿರು ಬೂದು ಬರುತ್ತೆ, ಅದನ್ನ ಅಲ್ಲಿಟ್ಟು ನೋಡಿ, ಪಕ್ಕದ ಕೆನ್ನೆ ತಾನಾಗೇ ಕೆಂಪೇರುತ್ತೆ.

ಜಾರ್ತಿರೋ ಪದರ ಚಾಕುವಿಂದ ಕೆರೆದು ಒರೆಸಿಬಿಡಿ, ಕರುಣೆ ಬೇಡ. ಎಣ್ಣೆ ನೀರಿನ ಹಾಗೆ ಆರಲ್ಲ, ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತೆ, ಅದಕ್ಕೇ ಕೆಳಗಿನ ಪದರದಲ್ಲಿ ಎಣ್ಣೆ ಕಮ್ಮಿ, ಮೇಲೆ ಹೋಗ್ತಾ ಜಾಸ್ತಿ, ಉಲ್ಟಾ ಆದ್ರೆ ಮುಂದೆ ಬಿರುಕು ಬಿಡುತ್ತೆ. ನಿಮ್ಮೂರ ಮಳೆಗಾಲದಲ್ಲಂತೂ ಎರಡು ಪದರದ ಮಧ್ಯೆ ವಾರಗಟ್ಟಲೆ ಕಾಯಬೇಕಾದೀತು. ಹಾಂ, ಬಣ್ಣಕ್ಕೆ ಹಾಕೋ ಅಗಸೆ ಎಣ್ಣೆ ಒರೆಸಿದ ಬಟ್ಟೆ ಮುದ್ದೆ ಮಾಡಿ ಮೂಲೆಗೆ ಎಸೀಬೇಡಿ, ತಾನೇ ಬಿಸಿಯಾಗಿ ಹೊತ್ಕೊಳ್ಳುತ್ತೆ, ಹೊರಗೆ ಹರಡಿ ಒಣಗಿಸಿ.

ಪ್ರಶ್ನೆ: ಗ್ರಿಡ್ ಹಾಕಿ ಕಾಪಿ ಮಾಡಿದ್ರೆ ಮೋಸನಾ?
– ಇನ್ನೊಬ್ಬ ಓದುಗರು, ಹಾಸನ

ಉತ್ತರ: ದಾವೀದನೇ ತನ್ನ ಸ್ಕೆಚ್ಚುಗಳ ಮೇಲೆ ಚೌಕ ಹಾಕಿ ದೊಡ್ಡದು ಮಾಡ್ತಿದ್ದ. ಹಾಕ್ಕೊಳ್ಳಿ, ಪೆನ್ಸಿಲ್ ಮಾತ್ರ ಒತ್ತಬೇಡಿ, ತೆಳು ಬಣ್ಣದಡಿ ಗೆರೆ ಇಣುಕುತ್ತೆ.