ಟಿವಿ ಕೊಳ್ಳುವ ಮುಂಚೆ, ಅಮ್ಮ ಎಲ್ಲಿ ಕೂರುತ್ತಾರೆ ನೋಡಿ

ಊರಲ್ಲಿರುವ ಅಪ್ಪ ಅಮ್ಮನಿಗೆ ಇಪ್ಪತ್ತು ಸಾವಿರದ ಆಸುಪಾಸಿನಲ್ಲಿ ಟಿವಿ ಕೊಡಿಸಬೇಕು, 32 ಇಂಚು ಸಾಕಾ, 43 ಇಂಚಿನ 4ಕೆ ತಗೊಳ್ಳಲಾ ಅಂತ ಕೇಳಿದ್ದೀರಿ. ಮೂರು ವರ್ಷದ ಹಿಂದೆ ನಾನೂ ಇದನ್ನೇ ತಲೆಯಲ್ಲಿಟ್ಟುಕೊಂಡು ಓಡಾಡಿದ್ದೆ. ನಾನು ಮಾಡಿದ ತಪ್ಪನ್ನೇ ಮೊದಲು ಹೇಳುತ್ತೇನೆ.

ನಮ್ಮ ಮನೆ ಶಿವಮೊಗ್ಗ ಜಿಲ್ಲೆಯ ಸಾಗರದ ಕಡೆ. 43 ಇಂಚು, 4ಕೆ, ರೇಟೂ ಕಡಿಮೆ ಅಂತ ಬೆಂಗಳೂರಿನಲ್ಲಿ ಕೂತು ಆರ್ಡರ್ ಮಾಡಿಬಿಟ್ಟೆ. ಅಡಿಕೆ ಕೊಯ್ಲಿಗೆ ಊರಿಗೆ ಹೋದಾಗ ವಿಷಯ ಗೊತ್ತಾಯಿತು. ರಾತ್ರಿ ಊಟ ಆದಮೇಲೆ ನಮ್ಮಲ್ಲಿ ಎಲ್ಲರೂ ಸಾಲಾಗಿ ಮೆಟ್ಟುಗತ್ತಿ ಹಾಕಿಕೊಂಡು, ಅಡಿಕೆ ಸುಲಿಯುತ್ತಾ ಧಾರಾವಾಹಿ ನೋಡುತ್ತಾರೆ. ಅಮ್ಮನ ಜಾಗ ಅಡುಗೆಮನೆ ಬಾಗಿಲ ಪಕ್ಕ, ಟಿವಿಗೆ ಪೂರ್ತಿ ಓರೆ. ಒಂದು ದಿನ ಅಲ್ಲಿ ಹೋಗಿ ಕೂತೆ. ಕಡುಗೆಂಪು ಸೀರೆ ಮಾಸಲು ಗುಲಾಬಿ ಕಾಣಿಸುತ್ತಿತ್ತು, ಕಪ್ಪು ಕೂದಲು ಬೂದಿ ಬಣ್ಣ. ಅಮ್ಮ ಎಂಟು ತಿಂಗಳು ಹಾಗೇ ನೋಡಿದ್ದರು, ಒಂದು ಮಾತೂ ಹೇಳಿರಲಿಲ್ಲ. ನೆನಪಾದರೆ ಈಗಲೂ ಬೇಜಾರಾಗುತ್ತದೆ.

ಇದಕ್ಕೆ ಕಾರಣ ಪ್ಯಾನೆಲ್, ಅಂದರೆ ಚಿತ್ರ ಮೂಡುವ ಪರದೆ. ಕಡಿಮೆ ಬೆಲೆಯ ಎಲ್‌ಇಡಿ ಟಿವಿಗಳಲ್ಲಿ ಮುಖ್ಯವಾಗಿ ಎರಡು ಥರ ಬರುತ್ತದೆ. ವಿಎ ಪ್ಯಾನೆಲ್‌ನಲ್ಲಿ ಎದುರಿಂದ ನೋಡಿದರೆ ಕಪ್ಪು ಗಟ್ಟಿಯಾಗಿ ಕಾಣುತ್ತದೆ, ಪಕ್ಕಕ್ಕೆ ಸರಿದಷ್ಟೂ ಬಣ್ಣ ತೆಳುವಾಗುತ್ತದೆ. ಐಪಿಎಸ್‌ನಲ್ಲಿ ಪಕ್ಕದಿಂದಲೂ ಬಣ್ಣ ಚೆನ್ನಾಗಿರುತ್ತದೆ, ಆದರೆ ಲೈಟ್ ಆರಿಸಿದ ಕೋಣೆಯಲ್ಲಿ ಕಪ್ಪು ಸ್ವಲ್ಪ ಬೂದು. ಡಬ್ಬದ ಮೇಲೆ ಇದನ್ನು ಬರೆಯುವುದು ಕಡಿಮೆ. ಅದಕ್ಕೇ ಅಂಗಡಿಗೆ ಹೋಗಿ. ಅಲ್ಲಿ ಟಿವಿಗಳನ್ನು ಕಣ್ಣು ಕುಕ್ಕುವ ಮೋಡ್‌ನಲ್ಲಿ ಇಟ್ಟಿರುತ್ತಾರೆ, ಸ್ಟ್ಯಾಂಡರ್ಡ್ ಮೋಡ್‌ಗೆ ಹಾಕಿಸಿ. ಆಮೇಲೆ ಅಪ್ಪ ಅಮ್ಮ ಮನೆಯಲ್ಲಿ ಎಷ್ಟು ದೂರ, ಎಷ್ಟು ಓರೆಯಾಗಿ ಕೂರುತ್ತಾರೋ ಅಲ್ಲೇ ನಿಂತು ನೋಡಿ.

ಇನ್ನು 4ಕೆ, ಅಂದರೆ ಪರದೆಯಲ್ಲಿ ಎಷ್ಟು ಚುಕ್ಕಿಗಳಿವೆ ಅನ್ನುವ ಲೆಕ್ಕ. 32 ಇಂಚಿನಲ್ಲಿ ಹೆಚ್ಚಾಗಿ ಸಿಗುವುದು 1366×768ರ ಎಚ್‌ಡಿ ರೆಡಿ. ಫುಲ್ ಎಚ್‌ಡಿ ಅಂದರೆ 1920×1080, 4ಕೆ ಅಂದರೆ 3840×2160. ನಿಮ್ಮ ಊರಿನ ಮನೆಗೆ ಏನು ಬರುತ್ತಿದೆ ಅನ್ನುವುದು ಮುಖ್ಯ. ಡಿಡಿ ಫ್ರೀ ಡಿಶ್ ಅಥವಾ ಕಡಿಮೆ ಚುಕ್ಕಿಗಳ ಸಾದಾ ಎಸ್‌ಡಿ ಪ್ಯಾಕ್ ಇದ್ದರೆ, ದೊಡ್ಡ 4ಕೆ ಪರದೆಯಲ್ಲಿ ಚಿತ್ರ ಇನ್ನೂ ಮಸುಕಾಗಿ ಕಾಣುತ್ತದೆ. ಒಳ್ಳೆ ವೈಫೈ ಇದ್ದು ಯೂಟ್ಯೂಬ್, ಓಟಿಟಿ ನೋಡುವವರಾದರೆ 4ಕೆ ಸರಿ. ಅಗ್ಗದ ಟಿವಿಯ ಮೇಲಿರುವ, ಬೆಳಕು ನೆರಳು ಎದ್ದು ಕಾಣಿಸುತ್ತದೆ ಅನ್ನುವ ಎಚ್‌ಡಿಆರ್ ಸ್ಟಿಕರ್‌ಗೆ ಜಾಸ್ತಿ ದುಡ್ಡು ಕೊಡಬೇಡಿ. ಅದನ್ನು ತೋರಿಸುವಷ್ಟು ಬೆಳಕು ಆ ಪರದೆಗಳಿಗೆ ಇರುವುದಿಲ್ಲ.

ಬೆಲೆ ವಿಷಯದಲ್ಲಿ ಒಂದು ಒಳ್ಳೆಯದಾಗಿದೆ. 2025ರ ಸೆಪ್ಟೆಂಬರ್ 22ರಿಂದ 32 ಇಂಚಿಗಿಂತ ದೊಡ್ಡ ಟಿವಿಗಳ ಜಿಎಸ್‌ಟಿ ಶೇ. 28ರಿಂದ 18ಕ್ಕೆ ಇಳಿದಿದೆ. 32 ಇಂಚಿನವರೆಗೆ ಮೊದಲೇ 18 ಇತ್ತು. ಹಾಗಾಗಿ 43 ಇಂಚು ಮುಂಚಿನಷ್ಟು ದೂರವಿಲ್ಲ.

ಸ್ಮಾರ್ಟ್ ಫೀಚರ್‌ಗೆ ತಲೆ ಕೆಡಿಸಿಕೊಳ್ಳಬೇಡಿ. 1 ಜಿಬಿ ರ‍್ಯಾಮ್‌ನವು ಎರಡು ವರ್ಷಕ್ಕೇ ನಿಧಾನ ಆಗುತ್ತವೆ, ಆಗ ಟಿವಿ ಹಿಂದಿನ ಎಚ್‌ಡಿಎಂಐಗೆ ಯೂಟ್ಯೂಬ್, ಓಟಿಟಿ ತೋರಿಸುವ ಒಂದು ಸ್ಟಿಕ್ ಹಾಕಿಕೊಂಡರೆ ಆಯಿತು. ಪ್ಯಾನೆಲ್ ಹಾಗಲ್ಲ. ಅದು ಹೋದರೆ ಹೊಸ ಟಿವಿಯ ಹತ್ತಿರ ಹತ್ತಿರ ಖರ್ಚು. ಆದ್ದರಿಂದ ದುಡ್ಡು ಕೊಡುವ ಮುಂಚೆ ಕಂಪನಿಯ ಕಸ್ಟಮರ್ ಕೇರ್‌ಗೆ ಫೋನ್ ಮಾಡಿ, ಊರಿನ ಪಿನ್ ಕೋಡ್ ಹೇಳಿ, ಮನೆಗೆ ಬಂದು ರಿಪೇರಿ ಮಾಡುತ್ತಾರಾ ಕೇಳಿ. ಗುಡುಗು ಮಿಂಚಿನ ಊರಾದರೆ ಪ್ಲಗ್ ಜೊತೆ ಡಿಶ್ ಕೇಬಲ್ಲನ್ನೂ ತೆಗೆಯುವುದನ್ನು ಅಪ್ಪನಿಗೆ ತೋರಿಸಿಕೊಡಿ. ಮಿಂಚು ಆ ದಾರಿಯಲ್ಲೂ ಬರುತ್ತದೆ.

ಎದುರಿಗೆ, ಏಳೆಂಟು ಅಡಿ ದೂರದಲ್ಲಿ ಕೂರುವವರಾದರೆ ನಾನು 43 ಇಂಚು ಅನ್ನುತ್ತೇನೆ. ಮನೆ ತುಂಬ ಜನ ಅಲ್ಲೊಬ್ಬರು ಇಲ್ಲೊಬ್ಬರು ಕೂತು ನೋಡುವುದಾದರೆ, ಪಕ್ಕದಿಂದ ಚೆನ್ನಾಗಿ ಕಾಣುವ 32 ಇಂಚೇ ಮೇಲು.

ನಮ್ಮದನ್ನು ವಾಪಸ್ ಕೊಡುವ ಅವಧಿ ಮುಗಿದಿತ್ತು. ಗೋಡೆಗೆ ಒತ್ತಿ ಹಾಕಿದ್ದ ಟಿವಿ ಇಳಿಸಿ, ಮುಂದಕ್ಕೆ ಎಳೆದು ತಿರುಗಿಸುವ ಸ್ಟ್ಯಾಂಡ್ ಹಾಕಿಸಿದೆ. ನೀವು ಅಂಥ ಸ್ಟ್ಯಾಂಡ್ ತರುವ ಮುಂಚೆ ಟಿವಿ ಹಿಂದಿನ ನಾಲ್ಕು ತೂತುಗಳ ಅಂತರ ಅಳೆದುಕೊಂಡು ಹೋಗಿ, ಅದು ಹೊಂದಲೇಬೇಕು. ಈಗ ರಾತ್ರಿ ಅಡಿಕೆ ಸುಲಿಯಲು ಕೂರುವಾಗ ಅಪ್ಪ ಮೊದಲು ಟಿವಿಯನ್ನು ಅಡುಗೆಮನೆ ಬಾಗಿಲ ಕಡೆ ತಿರುಗಿಸುತ್ತಾರೆ.